ಸೇನಾನೆಲೆಗಳ ನಾಮಕರಣ: ಹರಿಹರ ಪರಿಸರದ ಕೆಲವು ಆಧಾರಗಳು

ಸೇನಾನೆಲೆಗಳಿಗೆ ಯಾರ ಹೆಸರನ್ನಿಡಬೇಕೆಂಬ ಪ್ರಶ್ನೆಯು ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿಯೂ ಅಮೆರಿಕದಲ್ಲಿಯೂ ಚರ್ಚೆಗೆ ಒಳಗಾಗಿದೆ. ಅರಸ, ದಂಡನಾಯಕ, ರಾಜವಂಶ, ಸಾಮಾನ್ಯ ಯೋಧ ಇವರಲ್ಲಿ ಈ ಗೌರವಕ್ಕೆ ಅರ್ಹರು ಯಾರು ಎಂಬುದು ಚರ್ಚೆಯ ತಿರುಳು. ಕರ್ನಾಟಕದ ಶಾಸನಪರಂಪರೆಯು ಇದಕ್ಕೆ ಒದಗಿಸುವ ಆಧಾರಗಳನ್ನು ಹರಿಹರ-ದಾವಣಗೆರೆ ಪರಿಸರದ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತುಂಗಭದ್ರೆಯ ಬಲದಂಡೆಯಲ್ಲಿರುವ ಹರಿಹರದ ಸಮೀಪ 1865ರವರೆಗೆ ಬ್ರಿಟಿಷರ ದಂಡು ಇದ್ದು, ದೇಶೀಯ ಸಿಪಾಯಿಗಳ ರೆಜಿಮೆಂಟೊಂದು ಅಲ್ಲಿ ನೆಲೆಸಿತ್ತು. ದಂಡಿಗೆ ಊರಿನ ಹೆಸರೇ ಇತ್ತು. 1809ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ದಂಡಿನಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ. ಅಲ್ಲಿ ಅಧಿಕಾರಿಗಳ ಹೆಸರುಗಳು ಒಳಗಿನ ರಸ್ತೆಗಳಿಗೆ ಸಂದವು. ಕಬ್ಬನ್ ರಸ್ತೆ ಇದಕ್ಕೆ ಉದಾಹರಣೆ. ಕಾವಲು ಕಾದ ಸಿಪಾಯಿಗಳಿಗೆ ಅಂತಹ ಗೌರವ ದೊರೆಯಲಿಲ್ಲ. ಹರಿಹರದ ದಂಡು ತೆರವಾದ ಮೇಲೆ ಅವರ ನೆನಪೂ ಮಸುಕಾಯಿತು.

ಇದೇ ಹರಿಹರದಲ್ಲಿ ಇನ್ನೂ ಹಳೆಯ ನಿದರ್ಶನಗಳಿವೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಥನಾದ ಪೊಲಾಳ್ವನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ದೇವಾಲಯಕ್ಕೆ ದೇವರ ಹೆಸರೇ ಉಳಿಯಿತು; ಕಟ್ಟಿಸಿದವನ ಹೆಸರು ಶಾಸನದಲ್ಲಿ ನಿಂತಿತು. 1268ರಲ್ಲಿ ಇಲ್ಲಿಯೇ ನಿರ್ಮಾಣಕಾರ್ಯ ಕೈಗೊಂಡ ಸೋಮ ದಂಡನಾಯಕನಾದರೋ ಕಾವೇರಿಯ ತೀರದಲ್ಲಿ ತನ್ನ ಹೆಸರಿನಿಂದಲೇ ಸೋಮನಾಥಪುರವೆಂಬ ಅಗ್ರಹಾರವನ್ನು ಸ್ಥಾಪಿಸಿದ್ದನು. ದಂಡನಾಯಕನು ತನ್ನ ಹೆಸರನ್ನು ಉಳಿಸುವ ಎರಡು ಮಾರ್ಗಗಳೂ ನಮ್ಮ ಇತಿಹಾಸಕ್ಕೆ ಪರಿಚಿತವಾಗಿದ್ದವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದಾವಣಗೆರೆ ತಾಲೂಕಿನ ಆನಗೋಡು, ಅಣಜಿ ಮೊದಲಾದ ಊರುಗಳ ಪೈಕಿ ಅಣಜಿಯ ಕದಂಬ ಶಾಸನವು ಈ ದೃಷ್ಟಿಯಿಂದ ವಿಶೇಷ ಮಹತ್ವದ್ದು. ನಾಣಕ್ಕಾಸ ಪಲ್ಲವರಾಜನೊಡನೆ ನಡೆದ ಯುದ್ಧದಲ್ಲಿ ಕದಂಬ ಕೃಷ್ಣವರ್ಮನ ಸೇನೆ ಭಗ್ನವಾದುದನ್ನೂ, ಆಗ ಶಿವನಂದವರ್ಮನು ದರ್ಭೆಯ ಹಾಸಿನ ಮೇಲೆ ಒರಗಿದುದನ್ನೂ ಅದು ತಿಳಿಸುತ್ತದೆ. ಸೋಲನ್ನು ಮರೆಮಾಚದೆ, ಸೋತ ಪಕ್ಷದವನ ಹೆಸರನ್ನು ಅವನ ನಡೆಯೊಂದಿಗೆ ಕಲ್ಲು ಉಳಿಸಿದೆ. ನಾಡಿನ ವೀರಗಲ್ಲುಗಳೂ ತುರು ಕಾಯಲು, ಊರು ಉಳಿಸಲು ಮಡಿದವರನ್ನು ಇದೇ ರೀತಿ ಸ್ಮರಿಸುತ್ತವೆ.

ಇದೇ ಕದಂಬರ ಹೆಸರು ಆಧುನಿಕ ಕಾಲದಲ್ಲಿ ಕಾರವಾರದ ನೌಕಾನೆಲೆಗೆ ಸಂದಿತು. 1986ರಲ್ಲಿ ಶಂಕುಸ್ಥಾಪನೆಗೊಂಡ ಈ ನೆಲೆಯು 2005ರ ಮೇ 31ರಂದು ‘ಐಎನ್‌ಎಸ್ ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಬನವಾಸಿಯೂ ಕಾರವಾರವೂ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇರುವುದರಿಂದ ಹೆಸರಿಗೂ ನೆಲಕ್ಕೂ ಸಂಬಂಧವಿದೆ. ಮುಂಬಯಿಯಲ್ಲಿ 1951ರಲ್ಲಿ ಡಾಲ್‌ಹೌಸಿಯ ಹೆಸರಿನ ನೆಲೆಗೆ ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಹೆಸರನ್ನಿಡಲಾಯಿತು. ಕೋಲ್ಕತ್ತದ ಫೋರ್ಟ್ ವಿಲಿಯಂ 2024ರಲ್ಲಿ ವಿಜಯದುರ್ಗವಾಯಿತು. 2023ರಲ್ಲಿ ಅಂಡಮಾನ್-ನಿಕೋಬಾರಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದ ಯೋಧರ ಹೆಸರುಗಳನ್ನಿಟ್ಟಿರುವುದು ವೀರಗಲ್ಲಿನ ಆಶಯಕ್ಕೆ ಸಮೀಪವಾದುದು.

ಅಮೆರಿಕದ ಅನುಭವವು ಭಿನ್ನವಾದ ಪಾಠವನ್ನು ಕಲಿಸುತ್ತದೆ. ಅಂತರ್ಯುದ್ಧದಲ್ಲಿ ಒಕ್ಕೂಟದ ವಿರುದ್ಧ ಹೋರಾಡಿದ ದಕ್ಷಿಣದ ಸೇನಾನಿಗಳ ಹೆಸರಿದ್ದ ಒಂಬತ್ತು ಸೇನಾನೆಲೆಗಳನ್ನು 2023ರಲ್ಲಿ ಮರುನಾಮಕರಣ ಮಾಡಲಾಯಿತು. ಫೋರ್ಟ್ ಬ್ರ್ಯಾಗ್ ಆಗ ಫೋರ್ಟ್ ಲಿಬರ್ಟಿ ಆಯಿತು. 2025ರಲ್ಲಿ ಬ್ರ್ಯಾಗ್ ಎಂಬ ಹೆಸರು ಮರಳಿತು. ಆದರೆ ಅದು ಸೇನಾನಿ ಬ್ರ್ಯಾಕ್ಸ್‌ಟನ್ ಬ್ರ್ಯಾಗನ ಹೆಸರಲ್ಲ, ಎರಡನೆಯ ಮಹಾಯುದ್ಧದ ಯೋಧ ರೋಲೆಂಡ್ ಬ್ರ್ಯಾಗನದು ಎಂದು ಸರ್ಕಾರ ಘೋಷಿಸಿತು. ಕಾರ್ಯದಿಂದ ಬೇರ್ಪಟ್ಟ ಹೆಸರು ಯಾರಿಗೂ ಸಲ್ಲಬಹುದೆಂಬುದಕ್ಕೆ ಇದು ಸಾಕ್ಷಿ.

ಮೇಲಿನ ಆಧಾರಗಳಿಂದ ಹೊರಡುವ ನಿರ್ಣಯವಿಷ್ಟು: ಯಾರ ಹೆಸರು ಎಂಬುದರಷ್ಟೇ, ಯಾವ ಕಾರ್ಯಕ್ಕಾಗಿ ಎಂಬುದೂ ಮುಖ್ಯ. ಅಣಜಿಯ ಕಲ್ಲಿನಲ್ಲಿ ಇವೆರಡೂ ಒಂದೆಡೆ ಇವೆ. ನೆಲೆಯ ದ್ವಾರದಲ್ಲಿ ಹೆಸರಿನ ಜೊತೆಗೆ ಅದರ ಕಾರಣವನ್ನೂ, ಅಲ್ಲಿ ಸೇವೆ ಸಲ್ಲಿಸಿ ಮಡಿದವರ ಹೆಸರುಗಳನ್ನೂ ದಾಖಲಿಸುವುದು ನಮ್ಮ ಶಾಸನಪರಂಪರೆಗೆ ಒಪ್ಪುವ ಕ್ರಮ. ಅಂತಹ ದಾಖಲೆಯಿದ್ದಿದ್ದರೆ ಹರಿಹರದ ದಂಡಿನ ಸಿಪಾಯಿಗಳೂ ಇಂದು ಅನಾಮಧೇಯರಾಗಿರುತ್ತಿರಲಿಲ್ಲ.