ಚೀಟಿಯ ಹಿಂದೆ ಹೋದ ನರ್ಸ್

1897ರಲ್ಲಿ ನ್ಯೂಯಾರ್ಕ್ ನಗರ ತನ್ನ ಶಾಲೆಗಳಿಗೆ ವೈದ್ಯರನ್ನು ನೇಮಿಸಿತು. 1902ರ ಹೊತ್ತಿಗೆ ತಪಾಸಣೆ ಬಿಗಿಯಾಯಿತು. ಕಣ್ಣುಬೇನೆ, ಹೇನು, ಹುಳುಕಡ್ಡಿ ಕಂಡರೆ ಮಗುವಿನ ಕೈಗೊಂದು ಚೀಟಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿದ್ದವರು ಹೆಚ್ಚಾಗಿ ಪೂರ್ವ ಯುರೋಪಿನ ಯಹೂದಿಗಳು, ಇಟಲಿಯವರು. ಇಂಗ್ಲಿಷ್ ಚೀಟಿ ಓದಬಲ್ಲ ತಾಯಂದಿರು ಎಷ್ಟಿದ್ದಾರು? ಓದಿದರೂ ಮದ್ದಿಗೆ ದುಡ್ಡೆಲ್ಲಿ? ಹೊರಹಾಕಿಸಿಕೊಂಡ ಮಗು ಸಂಜೆ ಅದೇ ಸಹಪಾಠಿಗಳ ಜೊತೆ ಬೀದಿಯಲ್ಲಿ ಆಡುತ್ತಿತ್ತು.

ಆ ಅಕ್ಟೋಬರ್‌ನಲ್ಲಿ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್‌ನ ಲಿಲಿಯನ್ ವಾಲ್ಡ್, ತಮ್ಮ ನರ್ಸ್ ಲೀನಾ ರಾಜರ್ಸ್ ಅವರನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಬಿಟ್ಟುಕೊಟ್ಟರು. ರಾಜರ್ಸ್ ಸಣ್ಣಪುಟ್ಟ ಹುಣ್ಣಿಗೆ ಶಾಲೆಯಲ್ಲೇ ಮದ್ದು ಹಚ್ಚಿ ಮಗುವನ್ನು ತರಗತಿಗೆ ಕಳಿಸುತ್ತಿದ್ದರು. ಆಮೇಲೆ ಮೆಟ್ಟಿಲು ಹತ್ತಿ ಮನೆಗಳಿಗೆ ಹೋಗುವುದು: ಹೇನು ತೆಗೆಯುವುದು ಹೇಗೆ, ಧರ್ಮಾಸ್ಪತ್ರೆ ಎಲ್ಲಿದೆ ಎಂದು ತಾಯಿಗೆ ತಿಳಿಸುವುದು. ಚೀಟಿ ಮಾಡಲಾಗದ ಕೆಲಸ ಇದು.

ತಿಂಗಳು ಮುಗಿಯಿತು, ನಗರವೇ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಹೀಗೆ ಮನೆಗೆ ಕಳಿಸಿದ ಪ್ರಕರಣ 10,567. ಮರುವರ್ಷ ಅದೇ ತಿಂಗಳಲ್ಲಿ 1,101. ರೋಗವೇ ಅಷ್ಟು ಇಳಿಯಿತೆಂದು ಇದರರ್ಥವಲ್ಲ. ಹೇನಿದ್ದ ಮಗುವಿಗೂ ಈಗ ತರಗತಿಯಲ್ಲಿ ಜಾಗವಿತ್ತು. ನನಗಂತೂ ರೋಗದ ಲೆಕ್ಕಕ್ಕಿಂತ ಅದೇ ದೊಡ್ಡ ಸುದ್ದಿ.