ನ್ಯೂಟ್ರಾನ್ ಶೋಧಕಗಳ ಸಂವೇದನಾ ಕ್ಷಯ

ರಿಯಾಕ್ಟರಿನ ನ್ಯೂಟ್ರಾನ್ ಹರಿವನ್ನು ಅಳೆಯುವ ಶೋಧಕ ಬರಬರುತ್ತ ಅಷ್ಟೇ ಹರಿವಿಗೆ ಕಡಿಮೆ ಸಂಕೇತ ಕೊಡತೊಡಗುವುದು. ಇದನ್ನು ದೋಷವೆನ್ನುವುದಕ್ಕಿಂತ ಸವಕಳಿ ಎನ್ನುವುದು ಸರಿ. ಒಮ್ಮೆ ನ್ಯೂಟ್ರಾನನ್ನು ಹೀರಿದ ಪರಮಾಣು ಮತ್ತೆ ಅದೇ ಕೆಲಸಕ್ಕೆ ಒದಗುವುದಿಲ್ಲ.

ರಚನೆ: ರಿಯಾಕ್ಟರಿನ ಗರ್ಭದೊಳಗೆ ಇಡುವ ಸ್ವಯಂಶಕ್ತ ಶೋಧಕಕ್ಕೆ ಹೊರಗಿನ ವಿದ್ಯುತ್ ಬೇಡ. ನಡುವೆ ರೋಡಿಯಮ್, ವನೇಡಿಯಮ್ ಅಥವಾ ಕೋಬಾಲ್ಟಿನ ತೆಳು ತಂತಿ. ಸುತ್ತ ಮೆಗ್ನೀಸಿಯಮ್ ಆಕ್ಸೈಡ್ ಇಲ್ಲವೆ ಅಲ್ಯೂಮಿನಾದ ನಿರೋಧಕ. ಹೊರಗೆ ಇಂಕೊನೆಲ್ ಕವಚ. ತಂತಿಯಿಂದ ಹೊರಬೀಳುವ ಎಲೆಕ್ಟ್ರಾನುಗಳೇ ವಿದ್ಯುತ್ ಪ್ರವಾಹ.

ಕ್ಷಯದ ಲೆಕ್ಕ: ಉಳಿದ ಪರಮಾಣುಗಳ ಸಂಖ್ಯೆ ಘಾತೀಯವಾಗಿ ಇಳಿಯುತ್ತದೆ. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 10¹⁴ ಉಷ್ಣ ನ್ಯೂಟ್ರಾನುಗಳ ಹರಿವಿನಲ್ಲಿ, ಸ್ವಯಂಮರೆಯನ್ನು ಬಿಟ್ಟು ಎಣಿಸಿದರೆ, ವರ್ಷಕ್ಕೆ ವನೇಡಿಯಮ್ (ನ್ಯೂಟ್ರಾನ್ ಹೀರುವ ಅಡ್ಡಕೊಯ್ತ ಸುಮಾರು 5 ಬಾರ್ನ್) ಶೇ. 1.5ರಷ್ಟು, ಕೋಬಾಲ್ಟ್ (37) ಶೇ. 11ರಷ್ಟು, ರೋಡಿಯಮ್ (145) ಶೇ. 37ರಷ್ಟು ಕರಗುತ್ತದೆ. ತಂತಿಯ ಹೊರಪದರ ಒಳಭಾಗಕ್ಕೆ ಮರೆಯಾಗುವುದರಿಂದ ನಿಜವಾದ ಇಳಿಕೆ ಇದಕ್ಕಿಂತ ನಿಧಾನ. ಆಯ್ಕೆ ಇಕ್ಕಟ್ಟಿನದು: ಹೆಚ್ಚು ಹೀರುವ ರೋಡಿಯಮ್ ಬಲವಾದ ಸಂಕೇತ ಕೊಟ್ಟು ಬೇಗ ಮುಗಿಯುತ್ತದೆ, ವನೇಡಿಯಮ್ ದೀರ್ಘಕಾಲ ಬಾಳುತ್ತದೆ, ಆದರೆ ಅದರ ಸಂಕೇತಕ್ಕೆ ಕಾರಣವಾದ ವನೇಡಿಯಮ್-52ರ ಅರ್ಧಾಯು 3.74 ನಿಮಿಷವಾದ್ದರಿಂದ ಉತ್ತರ ತಡವಾಗಿ ಬರುತ್ತದೆ. ಕೋಬಾಲ್ಟ್ ತಕ್ಷಣ ಉತ್ತರಿಸಿದರೂ ಅದರೊಳಗೆ ಬೆಳೆಯುವ ಕೋಬಾಲ್ಟ್-60 ಬೇಡದ ಹಿನ್ನೆಲೆ ಪ್ರವಾಹವನ್ನು ಸೇರಿಸಿ ಸವಕಳಿಯನ್ನು ಭಾಗಶಃ ಮರೆಮಾಚುತ್ತದೆ. ಇನ್ನೊಂದು ಬಗೆಯ ಶೋಧಕಗಳಾದ ಅಯಾನು ಕೋಶಗಳಲ್ಲಿ ಬಳಸುವ ಬೋರಾನ್-10ರ (3,840 ಬಾರ್ನ್) ಅರ್ಧಭಾಗ ಇದೇ ಹರಿವಿನಲ್ಲಿ ಮೂರು ವಾರಗಳಲ್ಲಿ ಖಾಲಿ. ಬೋರಾನ್ ಲೇಪಿತ ಅಯಾನು ಕೋಶಗಳನ್ನು ಗರ್ಭದ ಹೊರಗೆ ಇಡಲು ಇದೂ ಒಂದು ಕಾರಣ.

ಇತರ ಕಾರಣಗಳು: ವಿಕಿರಣ ಮತ್ತು ಶಾಖದಿಂದ ನಿರೋಧಕದ ಪ್ರತಿರೋಧ ಕುಗ್ಗಿ ಪ್ರವಾಹ ಸೋರಬಹುದು.

ಭಾರತದಲ್ಲಿ: ತಾರಾಪುರದ 540 ಮೆಗಾವಾಟ್ ಘಟಕಗಳಲ್ಲಿ ನಿಯಂತ್ರಣ ಮತ್ತು ರಕ್ಷಣೆಗೆ ಕೋಬಾಲ್ಟ್, ಹರಿವಿನ ನಕ್ಷೆಗೆ ವನೇಡಿಯಮ್ ಶೋಧಕಗಳಿವೆ. ಉತ್ತರ ಕನ್ನಡದ ಕೈಗಾದಲ್ಲಿರುವುದು 220 ಮೆಗಾವಾಟಿನ ನಾಲ್ಕು ಭಾರಜಲ ಘಟಕಗಳು. ಈ ಮಾದರಿಯಲ್ಲಿ ಗರ್ಭದ ಹೊರಗಿನ ಅಯಾನು ಕೋಶಗಳಿಗೆ ಪ್ರಾಮುಖ್ಯ. ಅಲ್ಲಿನ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆ ಬರೆಯಿತು. ಇಂಥ ದೀರ್ಘ ಓಟದಲ್ಲಿ ಶೋಧಕದ ಮಾತನ್ನು ಆಗಾಗ ಪರೀಕ್ಷಿಸಲೇಬೇಕು.

ತಿದ್ದುಪಡಿ: ನೀರಿನ ಹರಿವು ಹಾಗೂ ಉಷ್ಣತೆಗಳಿಂದ ರಿಯಾಕ್ಟರಿನ ಉಷ್ಣಶಕ್ತಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಅದಕ್ಕೆ ಶೋಧಕದ ಸಂಕೇತವನ್ನು ತಾಳೆ ಹಾಕಲಾಗುತ್ತದೆ. ತಿದ್ದದೆ ಬಿಟ್ಟರೆ ಶೋಧಕ ನಿಜಕ್ಕಿಂತ ಕಡಿಮೆ ಶಕ್ತಿ ತೋರಿಸಿ, ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳುವುದು ತಡವಾದೀತು.