ಉಸಿರಿನ ದಾರಿಯೂ ಉಪಕರಣದ ಶುಚಿಯೂ

ಶಸ್ತ್ರಚಿಕಿತ್ಸೆಗಾಗಿ ಮೈಮರೆಸಿದ ರೋಗಿಯ ಉಸಿರು ನಿಲ್ಲದಂತೆ ಕಾಯುವ ಉಪಕರಣಗಳು ಗಂಟಲಿನ ಆಳಕ್ಕೆ ಹೋಗಿ ಬರುವಂಥವು. ಇಂದು ಒಬ್ಬನಿಗೆ ಉಸಿರಿನ ದಾರಿಯನ್ನು ತೆರೆದ ಉಪಕರಣವೇ ನಾಳೆ ಇನ್ನೊಬ್ಬನಿಗೆ ರೋಗದ ದಾರಿಯನ್ನೂ ತೆರೆಯಬಹುದು. ಈ ಅಪಾಯವನ್ನು ವೈದ್ಯರು ಅರಿತುಕೊಂಡುದು ನಿಧಾನವಾಗಿ.

1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ದೇಶದ ಸಂಗೀತಗುರುವು, ಹಾಡುವಾಗ ಧ್ವನಿ ಹುಟ್ಟುವ ತಾಣವನ್ನು ಕಾಣಬೇಕೆಂದು, ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಗಂಟಲಿನಲ್ಲಿ ಹಿಡಿದು, ಮತ್ತೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿಪೆಟ್ಟಿಗೆಯನ್ನು ತಾನೇ ಕಂಡನು. ಆ ಕನ್ನಡಿಯನ್ನು ಆತನು ಬಿಸಿನೀರಿನಲ್ಲಿ ಕಾಯಿಸಿಕೊಂಡದ್ದುಂಟು. ಉಸಿರಿನ ಹಬೆಯಿಂದ ಅದು ಮಸುಕಾಗದಿರಲೆಂದು ಹಾಗೆ ಮಾಡಿದನೇ ಹೊರತು ಕ್ರಿಮಿಗಳು ಸಾಯಲೆಂದಲ್ಲ. ಕ್ರಿಮಿಗಳಿಂದ ರೋಗ ಹರಡುವುದೆಂಬ ಮಾತಿಗೆ ಆಗ ಇನ್ನೂ ಮನ್ನಣೆಯಿರಲಿಲ್ಲ.

1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ ಹೊಸ ದಾರಿ ತೋರಿದನು. ಅದೇ ನಗರದಲ್ಲಿ, 1878ರಲ್ಲಿ, ಅವನ ಶಿಷ್ಯನಾಗಿದ್ದ ವಿಲಿಯಂ ಮ್ಯಾಕಿವೆನ್ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆಯಿಳಿಸಿ ಕ್ಲೋರೋಫಾರ್ಮ್ ಕೊಟ್ಟನು. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಶಾಂಬರ್ಲಾನ್ ಒತ್ತಡದ ಹಬೆಯಿಂದ ಕ್ರಿಮಿಗಳನ್ನು ಕೊಲ್ಲುವ ಆಟೋಕ್ಲೇವ್ ಯಂತ್ರವನ್ನು ರಚಿಸಿದನು. ಹೀಗೆ ನಳಿಕೆಯೂ ಅದನ್ನು ಶುದ್ಧಿಗೊಳಿಸುವ ಸಾಧನವೂ ಜೊತೆಜೊತೆಯಾಗಿಯೇ ಬಂದುವೆನ್ನಬಹುದು.

ಆದರೆ ಹಬೆಯೊಂದೇ ಸಾಲದು. ತಳ ಹತ್ತಿದ ಪಾತ್ರೆಯನ್ನು ತಿಕ್ಕದೆ ಕುದಿನೀರು ಹೊಯ್ದರೆ ಅದು ಶುಚಿಯಾಗುವುದೆ? ಉಪಕರಣಕ್ಕೆ ಅಂಟಿ ಒಣಗಿದ ಎಂಜಲು, ಲೋಳೆ, ರಕ್ತಗಳು ಕ್ರಿಮಿಗಳಿಗೆ ಕವಚವಾಗುತ್ತವೆ. ಕೆಲವು ಔಷಧಗಳಂತೂ ಆ ಕೊಳೆಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತವೆ. ಆದುದರಿಂದ ಕೊಳೆ ಒಣಗುವ ಮುನ್ನವೇ ನಳಿಕೆಯ ಒಳಗನ್ನೂ ಕೀಲಿನ ಸಂದುಗಳನ್ನೂ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು, ಆಮೇಲೆ ಹಬೆ. ಹಬೆಯ ಕಾವನ್ನು ತಾಳಲಾರದ ವಸ್ತುಗಳಿಗೆ ಕ್ರಿಮಿನಾಶಕ ದ್ರವ. ಅಮೆರಿಕದ ಸ್ಪಾಲ್ಡಿಂಗ್ 1957ರಲ್ಲಿ ಉಪಕರಣಗಳನ್ನು ಅವು ಮುಟ್ಟುವ ಅಂಗಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿದನು. ಗಂಟಲಿನ ಒದ್ದೆ ಪೊರೆಯನ್ನು ಮುಟ್ಟುವಂಥವು ನಡುವಣ ವರ್ಗಕ್ಕೆ ಸೇರಿದರೂ ಅವುಗಳಿಗೆ ಬಲವಾದ ಶುದ್ಧಿಯೇ ಬೇಕು.

ಬಳಸಿ ಬಿಸಾಡಿದರೆ ತೊಂದರೆಯೇ ಇಲ್ಲವಲ್ಲ ಎಂದು ಕೇಳಬಹುದು. ಮಿದುಳನ್ನು ನಾಶಗೊಳಿಸುವ ರೋಗವೊಂದರ ಪ್ರಿಯಾನ್ ಎಂಬ ಕಾರಣವಸ್ತು ಸಾಮಾನ್ಯ ಹಬೆಗೂ ಮಣಿಯದೆಂಬ ಭಯದಿಂದ 2001ರಲ್ಲಿ ಇಂಗ್ಲೆಂಡಿನವರು ಟಾನ್ಸಿಲ್ ಚಿಕಿತ್ಸೆಗೆ ಒಮ್ಮೆ ಮಾತ್ರ ಬಳಸುವ ಉಪಕರಣಗಳನ್ನು ತಂದರು. ರಕ್ತಸ್ರಾವ ಹೆಚ್ಚಿತು, ಅದೇ ವರ್ಷದ ಕೊನೆಗೆ ಹಳೆಯ ಉಪಕರಣಗಳಿಗೇ ಮರಳಬೇಕಾಯಿತು.

ಹೊಳೆಯುವುದೆಲ್ಲ ಶುಚಿಯಲ್ಲ. ಶಸ್ತ್ರವೈದ್ಯನ ಕೈಚಳಕವನ್ನು ನಾವು ಕೊಂಡಾಡುತ್ತೇವೆ; ತೆರೆಯ ಮರೆಯಲ್ಲಿ ನಿಂತು ಬ್ರಷ್ಷು ಹಿಡಿದವನ ಶ್ರದ್ಧೆಯ ಮೇಲೆಯೂ ನಮ್ಮ ಉಸಿರು ನಿಂತಿದೆ.